ಕೆಂಪು ಚುಕ್ಕೆಯ ವಾಲ್ವುಗಳು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಫಳಫಳಕ್ಕ ಎಂದೇ ಕರೆಯುತ್ತಿದ್ದರು. ರೇಡಿಯೋ ರಿಪೇರಿ ಅಂಗಡಿಯ ಕಿಟಕಿ, ಮೇಜು, ಬಾಗಿಲ ಹಿಡಿ, ಗೋಡೆ ಗಡಿಯಾರ, ಕೊನೆಗೆ ಗಿರಾಕಿ ಮರೆತುಹೋದ ಕನ್ನಡಕವನ್ನೂ ಒರೆಸಿ ಹೊಳೆಸದಿದ್ದರೆ ಅವಳಿಗೆ ಸಮಾಧಾನವಿಲ್ಲ. ಆ ಹೆಸರಿಟ್ಟವರು ಎದುರು ಸಾಲಿನ ಟೇಲರ್. "ಆಯಮ್ಮನ ಎದುರು ಎರಡು ನಿಮಿಷ ಸುಮ್ನೆ ನಿಂತ್ರೆ ನಮ್ಮನ್ನೂ ಒರೆಸಿ ಕಪಾಟಲ್ಲಿ ಇಟ್ಬಿಡ್ತಾಳೆ" ಎಂದು ಒಂದು ದಿನ ನಗಾಡಿದ್ದೇ ನೆಪವಾಗಿ ಹೆಸರು ಅಂಟಿಕೊಂಡಿತು.

ಹೆಸರು ಉಳಿಯಿತು, ಇಟ್ಟವರು ಉಳಿಯಲಿಲ್ಲ. ಟೇಲರ್ ಆ ಅಂಗಡಿಯ ಮೆಟ್ಟಿಲು ತುಳಿದು ಹನ್ನೊಂದು ವರ್ಷವಾಗಿತ್ತು. ಯಾಕೆ ಎಂದು ಕೇಳಿದರೆ ಬೀದಿಯ ಜನ, "ಇಬ್ಬರು ಮುದುಕರ ಹಟ" ಎನ್ನುತ್ತಿದ್ದರು. ಅಸಲು ಕಾರಣ ಗೊತ್ತಿದ್ದದ್ದು ಫಳಫಳಕ್ಕನಿಗೆ ಒಬ್ಬಳಿಗೇ.

ಅವಳು ಹಳ್ಳಿಯಿಂದ ಬಂದವಳು. ಚಿಕ್ಕಂದಿನಲ್ಲಿ ಮನೆಯ ಮೂರು ಲಾಟೀನುಗಳ ಗಾಜು ಒರೆಸುವುದು ಅವಳ ಪಾಲಿನ ಕೆಲಸ. ಸಂಜೆ ದೀಪ ಹಚ್ಚುವ ಮೊದಲು ಅಜ್ಜಿ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ಬೆರಳಿನ ಗುರುತು ಕಂಡರೂ, "ಇದು ಕೈಯೋ ಎಮ್ಮೆ ಗೊರಸೋ?" ಎಂದು ವಾಪಸು ಕೊಡುತ್ತಿದ್ದಳು. ಮೂವತ್ತರ ಹತ್ತಿರ, ಗಂಡನ ಜೊತೆ ಪೇಟೆಗೆ ಬಂದು, ರೇಡಿಯೋ ಅಂಗಡಿಯಲ್ಲಿ ಗುಡಿಸುವ, ಒರೆಸುವ, ಗಿರಾಕಿಗೆ ಚೀಟಿ ಬರೆದುಕೊಡುವ ಕೆಲಸಕ್ಕೆ ಸೇರಿದಾಗ ಅವಳ ಕೈಯಲ್ಲಿದ್ದ ವಿದ್ಯೆ ಅದೊಂದೇ.

ಸೇರಿದ ಎರಡನೆಯ ವಾರ. ಯಜಮಾನರು ಯಾವುದೋ ಕೆಲಸದ ಮೇಲೆ ಎರಡು ದಿನ ಪರವೂರಿಗೆ ಹೋಗಿದ್ದರು. ಕಪಾಟಿನ ಮೇಲುಗೂಡಿನಲ್ಲಿ ಒಂದು ತಗಡಿನ ಡಬ್ಬ ಅವಳ ಕಣ್ಣಿಗೆ ಬಿತ್ತು. ಒಳಗೆ, ಹಳೆಯ ರೇಡಿಯೋಗಳ ಹೊಟ್ಟೆಯಲ್ಲಿ ಪುಟ್ಟ ಬಲ್ಬಿನ ಹಾಗೆ ಉರಿಯುವ, ಹೆಬ್ಬೆರಳಿನ ಗಾತ್ರದ ನಲವತ್ತು ಗಾಜಿನ ವಾಲ್ವುಗಳು, ಎಲ್ಲ ಒಂದೇ ಜಾತಿಯವು, ಮೈತುಂಬ ಧೂಳು. ಪುಟ್ಟ ಲಾಟೀನಿನ ಗಾಜುಗಳ ಹಾಗೇ ಕಂಡವು ಅವಳಿಗೆ. ಬೋಗುಣಿಗೆ ಸೋಪು ನೀರು ಹಾಕಿ, ನಲವತ್ತನ್ನೂ ಮುಳುಗಿಸಿ, ಒಂದೊಂದಾಗಿ ಉಜ್ಜಿದಳು. ನೆತ್ತಿಯ ಹತ್ತಿರ ಇದ್ದ ಬೆಳ್ಳಿಗಪ್ಪು ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದು ಗಾಜಿನ ಒಳಗಡೆಯದು ಎಂದು ತಿಳಿಯುವಷ್ಟರಲ್ಲಿ ಹೊರಗಿದ್ದದ್ದೆಲ್ಲ ಹೋಗಿತ್ತು. ಕಂಪನಿಯ ಹೆಸರು, ನಂಬರು, ಅದರ ಜೊತೆಗೆ ಕೆಲವು ವಾಲ್ವುಗಳ ಮೇಲೆ ಮೇಣದ ಪೆನ್ಸಿಲಿನಿಂದ ಇಟ್ಟಿದ್ದ ಕೆಂಪು ಚುಕ್ಕೆ.

ಡಬ್ಬದ ಮುಚ್ಚಳದ ಒಳಗೆ ಯಜಮಾನರ ಅಕ್ಷರ: "ಕೆಂಪು ಚುಕ್ಕೆ ೧೨."

ಯಾವ ಹನ್ನೆರಡು? ಅವಳು ಮಿಣಮಿಣ ಹೊಳೆಯುವ ನಲವತ್ತು ವಾಲ್ವುಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು ಕೂತಳು. ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಲೆಕ್ಕದ ಗುರುತು ಇರಬೇಕು, ಹನ್ನೆರಡಿದ್ದರೆ ಸರಿಹೋಯಿತು ಎಂದುಕೊಂಡಳು. ಮೇಣದ ಪೆನ್ಸಿಲು ಸಿಗಲಿಲ್ಲ. ಮನೆಗೆ ಬಂದಿದ್ದ ತಂಗಿಯ ಕೆಂಪು ಉಗುರುಬಣ್ಣ ತಂದು, ಕೈಗೆ ಬಂದ ಹನ್ನೆರಡಕ್ಕೆ ಒಂದೊಂದು ಚುಕ್ಕೆ ಇಟ್ಟಳು. ಇನ್ನೊಮ್ಮೆ ಅಳಿಸಿಹೋಗದ ಹಾಗೆ, ಎರಡೆರಡು ಸಲ.

ಯಜಮಾನರು ಬಂದು ಡಬ್ಬ ತೆಗೆದು ನೋಡಿ ನಕ್ಕರು. "ಎಲಾ, ಚುಕ್ಕೇನೂ ಹೊಳೆಯೋ ಹಾಗೆ ಒರೆಸಿದೀಯಲ್ಲಮ್ಮ! ಆದ್ರೆ ಇನ್ನು ಮೇಲೆ ವಾಲ್ವಿಗೆ ನೀರು ಮುಟ್ಟಿಸ್ಬೇಡ. ಹೆಸರು ಹೋದ್ರೆ ಹೋಗ್ಲಿ, ಚುಕ್ಕೆ ಉಳೀತಲ್ಲ, ಅದೇ ನಮ್ಮ ಪುಣ್ಯ."

ಆ ಚುಕ್ಕೆ ಏನೆಂದು ಅವರು ವಿವರಿಸಿದ್ದು ಆಗಲೇ. ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಓಡುವ ಸೂಜಿ ಹುಟ್ಟಿಸುವ ಸದ್ದು ಇರುವೆ ಪಿಸುಗುಟ್ಟಿದಷ್ಟೇ. ಅದನ್ನು ಮೊದಲು ಹಿಡಿದು ದೊಡ್ಡದು ಮಾಡುವ ಪೆಟ್ಟಿಗೆಗೆ ಪ್ರಿಆಂಪ್ ಎನ್ನುತ್ತಾರೆ. ಅದರ ಮುಂದಿನ ಸಾಲಿನಲ್ಲಿ ಎರಡು ವಾಲ್ವು, ಎಡಕ್ಕೊಂದು ಬಲಕ್ಕೊಂದು. ಆ ಎರಡು ಮೌನವಾಗಿರಬೇಕು. ಅವು ಸ್ವಲ್ಪ ಉಸಿರೆಳೆದರೂ ಆ ಉಸಿರು ಹಾಡಿನ ಜೊತೆಗೇ ನೂರಾರು ಪಟ್ಟು ದೊಡ್ಡದಾಗಿ ಹೊರಬರುತ್ತದೆ.

"ವಾಲ್ವು ಟೆಸ್ಟರಿನ ಮುಳ್ಳು ಹೇಳೋದು ಜೀವ ಇದೆಯೋ ಇಲ್ವೋ ಅಂತ, ಅಷ್ಟೆ. ಗುಣ ಹೇಳಲ್ಲ. ಇದು ಮನೆಗೆ ಬಾಡಿಗೆದಾರನ್ನ ಇಟ್ಕೊಂಡ ಹಾಗೆ ಕಣಮ್ಮ. ಗೊರಕೆ ಹೊಡೀತಾನೋ ಇಲ್ವೋ ಅಂತ ಕಾಗದ ನೋಡಿ ಹೇಳೋಕಾಗುತ್ತಾ? ಜೊತೇಲಿ ಮಲಗಿ ನೋಡ್ಬೇಕು." ತಮ್ಮ ಮಾತಿಗೆ ತಾವೇ ನಕ್ಕು ಮುಂದುವರಿಸಿದರು. "ಇನ್ನೂರು ವಾಲ್ವು ಕೂತು ಕೇಳಿದೀನಿ, ಎರಡು ವರ್ಷ. ಗೊರಕೆ ಹೊಡೀದೇ ಇರೋವು ಹನ್ನೆರಡು ಸಿಕ್ಕಿದ್ವು. ಇವನ್ನ ಎಲ್ಲರಿಗೂ ಕೊಡಲ್ಲ ನಾನು."

ಅವಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಆಗ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು. ಆ ನಾಳೆ ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು.

ವರ್ಷಗಳಲ್ಲಿ ಅವಳು ಕೆಲಸ ಕಲಿತಳು. ಬೆಸುಗೆ ಹಾಕುವುದನ್ನು, ಟೆಸ್ಟರ್ ನೋಡುವುದನ್ನು, ಪೆನ್ಸಿಲಿನ ಹಿಂಬದಿಯಿಂದ ವಾಲ್ವಿನ ನೆತ್ತಿ ಮೆಲ್ಲಗೆ ತಟ್ಟಿ ಅದು ಗಂಟೆಯ ಹಾಗೆ ಗುಂಯ್ ಎನ್ನುತ್ತದೋ ಎಂದು ಕಿವಿಗೊಡುವುದನ್ನು. ಅವಳ ಕಿವಿ ಚುರುಕು. "ಇವಳಿಗೆ ಇರುವೆ ಕೆಮ್ಮಿದ್ರೂ ಕೇಳುತ್ತೆ" ಎಂದು ಯಜಮಾನರು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು. ಹೊಗಳಿದಾಗಲೆಲ್ಲ ಅವಳ ಕಣ್ಣು ಮೇಲುಗೂಡಿನ ಡಬ್ಬದ ಕಡೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪಾಡು ಅವಳದು. ಇಲ್ಲಿ ಯಾರೂ ಕಳ್ಳ ಎಂದೇ ಇರಲಿಲ್ಲ.

ಡಬ್ಬದಲ್ಲಿ ಚುಕ್ಕೆಯಿಲ್ಲದ ಹತ್ತು ವಾಲ್ವು ಸಾಧಾರಣ ರೇಡಿಯೋಗಳ ರಿಪೇರಿಗೆ ಖರ್ಚಾದವು. ಚುಕ್ಕೆಯಿದ್ದ ನಾಲ್ಕು ಯಾರು ಯಾರಿಗೋ ಹೋದವು. ಯಾರೂ ದೂರಲಿಲ್ಲ. ಐದನೆಯದೂ ಆರನೆಯದೂ ಟೇಲರ್‌ಗೆ ಹೋದವು.

ಟೇಲರ್ ಮತ್ತು ಯಜಮಾನರು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಟೇಲರ್ ಮನೆಯ ಪ್ರಿಆಂಪನ್ನು ಯಜಮಾನರೇ ಕೈಯಾರೆ ಕಟ್ಟಿಕೊಟ್ಟಿದ್ದರು. ಅದರ ವಾಲ್ವು ಮುದಿಯಾದಾಗ ತಮ್ಮ ಕೆಂಪು ಚುಕ್ಕೆಯ ಜೋಡಿಯನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. ಮೂರನೆಯ ದಿನ ಟೇಲರ್ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

"ಏನೋ, ನಿನ್ನ ಮುತ್ತುರತ್ನ ಹಾವಿನ ಹಾಗೆ ಬುಸುಗುಟ್ತಾ ಇದೆಯಲ್ಲೋ. ಎಡಗಡೆ."

ಯಜಮಾನರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಜೋಡಿಸಿ, ಸ್ಪೀಕರಿಗೆ ಕಿವಿಯಿಟ್ಟು ಕೇಳಿದರು. ಆಗ ಅವರಿಗೆ ಅರವತ್ತೈದು ದಾಟಿತ್ತು. "ಏನೂ ಇಲ್ವಲ್ಲ."

"ಇಲ್ಲ ಅಂದ್ರೆ? ಕೇಳು ಸರಿಯಾಗಿ. ಸ್ಸ್... ಅಂತ."

"ಚುಕ್ಕೆ ಇಟ್ಟಿರೋ ವಾಲ್ವು ಕಣೋ ಅದು. ಬುಸುಗುಡ್ತಾ ಇರೋದು ನಿನ್ನ ಹೊಲಿಗೆ ಮಿಷನ್ನು. ನಲವತ್ತು ವರ್ಷ ಅದರ ಮುಂದೆ ಕೂತು ಕಿವಿ ಕೆಟ್ಟಿದೆ ನಿಂಗೆ."

"ನನ್ನ ಕಿವಿ ಕೆಟ್ಟಿಲ್ಲ."

"ಹಾಗಾದ್ರೆ ನನ್ನ ಚುಕ್ಕೆ ಕೆಟ್ಟಿದೆಯಾ?"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಯಜಮಾನರು ಅವಳ ಕಡೆ ತಿರುಗಿದರು. "ಬಾರಮ್ಮ ಇಲ್ಲಿ. ನಿನ್ನ ಕಿವಿ ಮೇಲೆ ಇಬ್ಬರಿಗೂ ನಂಬಿಕೆ ಇದೆ. ಕೇಳಿ ಹೇಳು, ಸದ್ದು ಇದೆಯಾ?"

ಬಗ್ಗಿ ಕಿವಿಗೊಡಬೇಕಾಗಿಯೇ ಇರಲಿಲ್ಲ. ಬಿಸಿ ಎಣ್ಣೆಗೆ ನೀರ ಹನಿ ಚಿಮುಕಿಸಿದ ಹಾಗೆ ಎಡಗಡೆಯ ಸ್ಪೀಕರಿನಿಂದ ಬರುತ್ತಿದ್ದ ಸದ್ದು ನಿಂತಲ್ಲಿಗೇ ಕೇಳುತ್ತಿತ್ತು. ಇದೆ ಎಂದರೆ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂದರೆ ಡಬ್ಬ ಕೆಳಗಿಳಿಯುತ್ತದೆ. ಡಬ್ಬ ಇಳಿದರೆ ಉಗುರುಬಣ್ಣ.

"ಇಲ್ಲ ಯಜಮಾನ್ರೆ. ನಂಗೇನೂ ಕೇಳ್ತಿಲ್ಲ."

ಟೇಲರ್ ಅವಳ ಮುಖವನ್ನೇ ನೋಡಿದರು. ಸಿಟ್ಟಿನಿಂದಲ್ಲ. ಅಳತೆ ತಪ್ಪಿತೇ ಎಂದು ಕತ್ತರಿಸಿದ ಬಟ್ಟೆಯನ್ನು ಮತ್ತೊಮ್ಮೆ ನೋಡುವ ಹಾಗೆ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಹೊರಟರು. "ಆಯ್ತಪ್ಪ, ನನ್ನ ಕಿವೀನೇ ಕೆಟ್ಟಿದೆ" ಎಂದದ್ದು ಬಾಗಿಲ ಆಚೆಯಿಂದ ಕೇಳಿಸಿತು.

ಅದಾಗಿ ಹನ್ನೊಂದು ವರ್ಷ. ಈಗ ಯಜಮಾನರಿಗೆ ಎಪ್ಪತ್ತಾರು. ಸಣ್ಣ ಸದ್ದುಗಳು ತಮ್ಮನ್ನು ಬಿಟ್ಟುಹೋಗಿವೆ ಎಂದು ಅವರೇ ಒಪ್ಪಿಕೊಂಡಿದ್ದರು. "ಫೋನ್ ಗಂಟೆ ಕೇಳಲ್ಲ, ಹೆಂಡತಿ ಬೈಗುಳ ಮಾತ್ರ ಕೇಳುತ್ತೆ. ಇದೆಂಥ ನ್ಯಾಯ?" ಎನ್ನುತ್ತಿದ್ದರು. ಆ ಹಳೆಯ ಜಗಳದ ಹೊತ್ತಿಗೇ ತಮ್ಮ ಕಿವಿ ಸೋಲತೊಡಗಿತ್ತೇನೋ ಎಂಬ ಯೋಚನೆ ಅವರಿಗೆ ಬಂದಿರಬಹುದು. ಬಂದಿದ್ದರೂ, ಅಂದು ಫಳಫಳಕ್ಕನೂ ಇಲ್ಲ ಎಂದಿದ್ದಳಲ್ಲ. ಆ ಒಂದು ಮಾತಿಗೆ ಒರಗಿಕೊಂಡೇ ಅವರು ಹನ್ನೊಂದು ವರ್ಷ ನೆಟ್ಟಗೆ ನಿಂತಿದ್ದರು.

ಒಂದು ಬೆಳಿಗ್ಗೆ ಟೇಲರ್ ಮಗಳು ಅಂಗಡಿಗೆ ಬಂದಳು. ಶಾಲೆಯಲ್ಲಿ ಪಾಠ ಹೇಳುವವಳು. ಕೈಯಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆ.

"ಅಕ್ಕ, ಒಂದು ಕಡೆ ಹಾಡೇ ಬರ್ತಿಲ್ಲ. ಆ ಅಂಗಡಿಗೆ ಹೋಗ್ಬೇಡ ಅಂತ ಅಪ್ಪ ಹೇಳಿದಾರೆ. ಆದ್ರೆ ಈ ಕಾಲದಲ್ಲಿ ವಾಲ್ವು ಇನ್ನೆಲ್ಲಿ ಸಿಗುತ್ತೆ ಹೇಳಿ? ಕಣ್ಣು ಮಂಜಾಗಿದೆ ಅವರಿಗೆ, ಹೊಲಿಗೆ ಬಿಟ್ಟಾಯ್ತು. ದಿನವಿಡೀ ತಟ್ಟೆ ಕೇಳೋದೊಂದೇ. ಅದೂ ಇಲ್ಲ ಅಂದ್ರೆ ಗೋಡೆ ನೋಡ್ತಾ ಕೂತಿರ್ತಾರೆ."

ಯಜಮಾನರು ಬಟ್ಟೆ ಸರಿಸಿ ನೋಡಿದರು. ತಾವೇ ಕೊರೆದ ತೂತು, ತಾವೇ ಹಾಕಿದ ಬೆಸುಗೆ. ಬೆರಳಿಂದ ಪೆಟ್ಟಿಗೆಯ ಅಂಚು ಸವರಿದರು. "ನಾಳೆ ಸಂಜೆ ಬಾರಮ್ಮ" ಎಂದು ಅವಳನ್ನು ಕಳಿಸಿ, ಫಳಫಳಕ್ಕನಿಗೆ ಹೇಳಿದರು: "ಕೆಂಪು ಚುಕ್ಕೆ ಡಬ್ಬ ಇಳಿಸು. ಒಳ್ಳೇ ಜೋಡಿ ಆರಿಸಿ ಹಾಕು. ಜೀವ ಹೋಗೋದ್ರೊಳಗೆ ಒಂದ್ಸಲ ಆ ಮೊಂಡನ ಬಾಯಲ್ಲಿ 'ಸದ್ದಿಲ್ಲ' ಅನ್ನಿಸ್ಬೇಕು."

ಮಧ್ಯಾಹ್ನ ಅವರು ಊಟಕ್ಕೂ ನಿದ್ದೆಗೂ ಎಂದು ಮನೆಗೆ ಹೋದರು. ಅವಳು ಬಾಗಿಲು ಅರ್ಧ ಮುಚ್ಚಿ, ಫ್ಯಾನು ಆರಿಸಿ, ಡಬ್ಬದಲ್ಲಿ ಉಳಿದಿದ್ದ ಇಪ್ಪತ್ತನಾಲ್ಕು ವಾಲ್ವುಗಳನ್ನು ಬಟ್ಟೆಯ ಮೇಲೆ ಹರಡಿದಳು. ಆರಕ್ಕೆ ಚುಕ್ಕೆಯಿತ್ತು, ಹದಿನೆಂಟಕ್ಕೆ ಇರಲಿಲ್ಲ. ಒಂದೊಂದನ್ನೇ ಪ್ರಿಆಂಪಿಗೆ ಸಿಕ್ಕಿಸಿ, ಬಿಸಿಯಾಗುವವರೆಗೆ ಕಾದು, ತಟ್ಟೆ ಹಾಕದೆಯೇ ಸದ್ದಿನ ತಿರುಪನ್ನು ಪೂರ್ತಿ ತಿರುಗಿಸಿ ಕೇಳಿದಳು. ಒಂದು ಜಿರ್ರೆಂದಿತು. ಒಂದು ದೂರದಲ್ಲಿ ಯಾರೋ ಒಣ ಎಲೆ ತುಳಿದ ಹಾಗೆ ಚಟಚಟ ಎಂದಿತು. ಒಂದು ಸುಮ್ಮನಿದೆ ಅಂದುಕೊಂಡು ಪೆನ್ಸಿಲಿನಿಂದ ತಟ್ಟಿದರೆ ಕಂಚಿನ ತಟ್ಟೆ ಬಿದ್ದ ಹಾಗೆ ಅರಚಿತು. ಮಧ್ಯೆ ಒಂದು ಬಂತು. ಸಿಕ್ಕಿಸಿದಳು, ಕಾದಳು, ಏನೂ ಇಲ್ಲ. ಕನೆಕ್ಷನ್ ತಪ್ಪಿತೇ ಎಂದು ನೋಡಿದಳು. ತಪ್ಪಿರಲಿಲ್ಲ. ತಟ್ಟಿದರೆ ಟಪ್ ಎಂದು ಒಂದೇ ಮಾತು, ಮತ್ತೆ ಮೌನ. ಹತ್ತೊಂಬತ್ತು ವರ್ಷದ ಹಿಂದೆ ಅವಳು ಸೇರುವ ಮೊದಲು ಯಜಮಾನರು ಎರಡು ವರ್ಷ ಕೂತು ಹುಡುಕಿದ್ದು ಇದನ್ನೇ.

ಅಂಥವು ಐದು ಸಿಕ್ಕವು. ಅದರಲ್ಲಿ ಚುಕ್ಕೆ ಇದ್ದದ್ದು ಒಂದಕ್ಕೆ. ಉಳಿದ ಚುಕ್ಕೆಗಳೆಲ್ಲ ಕಣ್ಣುಮುಚ್ಚಿ ಎಸೆದ ಕಲ್ಲು.

ಈಗ ಅವಳ ಮುಂದೆ ಒಂದು ದಾರಿಯಿತ್ತು. ಮೌನದ ಜೋಡಿಯನ್ನು ಆರಿಸಿ, ಚುಕ್ಕೆ ಇಲ್ಲದ್ದಕ್ಕೆ ಚುಕ್ಕೆ ಇಟ್ಟು ಕೊಟ್ಟುಬಿಟ್ಟರೆ ಮುಗಿಯಿತು. ಟೇಲರ್‌ಗೆ ಒಳ್ಳೆಯ ವಾಲ್ವು ಸಿಗುತ್ತದೆ, ಯಜಮಾನರಿಗೆ ಸಂತೋಷ ಸಿಗುತ್ತದೆ. ಬೀದಿಯ ಕೊನೆಯ ಅಂಗಡಿಗೆ ಹೋಗಿ ಒಂದು ಉಗುರುಬಣ್ಣ ಕೊಂಡೂ ತಂದಳು. ಮುಚ್ಚಳ ತೆಗೆದಳು. ಆ ಘಾಟು ಮೂಗಿಗೆ ಬಡಿಯಿತು. ಈ ಚುಕ್ಕೆ ಇಟ್ಟರೆ ಯಜಮಾನರು ಏನನ್ನುತ್ತಾರೆ? 'ನೋಡು, ಅದೇ ಡಬ್ಬ, ಅದೇ ಚುಕ್ಕೆ, ಸದ್ದಿಲ್ಲ. ಹಾಗಾದ್ರೆ ಆಗ ಕೆಟ್ಟಿದ್ದು ಅವನ ಕಿವೀನೇ.' ಟೇಲರ್‌ರನ್ನು ಅವಳು ಇನ್ನೊಂದು ಸಲ ಕಿವುಡರನ್ನಾಗಿ ಮಾಡಿದ ಹಾಗಾಗುತ್ತದೆ, ಅದೂ ಈ ಸಲ ಒಳ್ಳೆಯ ವಾಲ್ವು ಕೊಟ್ಟು.

ಬಣ್ಣದ ಸೀಸೆಗೆ ಮುಚ್ಚಳ ಹಾಕಿ, ವಾಲ್ವುಗಳನ್ನು ಎರಡು ಗುಂಪು ಮಾಡಿಟ್ಟು, ಯಜಮಾನರು ಬರುವವರೆಗೆ ಕೂತಳು. ಆ ಒಂದು ಗಂಟೆ ಅವಳು ಯಾವುದನ್ನೂ ಒರೆಸಲಿಲ್ಲ.

ಅವರು ಬಂದು ಕುರ್ಚಿ ಎಳೆದುಕೊಂಡರು. ಅವಳು ನಿಂತೇ ಹೇಳಿದಳು. ಬೋಗುಣಿ, ಸೋಪು, ತಂಗಿಯ ಉಗುರುಬಣ್ಣ. ಅವರಿಗೆ ಕೇಳಲೆಂದು ಗಟ್ಟಿಯಾಗಿ ಹೇಳಬೇಕಾಯಿತು. ಪಿಸುಗುಟ್ಟಿ ಹೇಳಿಕೊಳ್ಳುವ ತಪ್ಪನ್ನು ಕೂಗಿ ಹೇಳಬೇಕಾಗಿ ಬಂದಾಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ನಿಂತು ನೋಡಿ ಮುಂದೆ ಹೋದ.

ಯಜಮಾನರು ಎರಡು ಗುಂಪಿನಿಂದಲೂ ಒಂದೊಂದು ವಾಲ್ವು ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ಕೇಳಿದರು:

"ಅವತ್ತು, ಅವನು ಬಂದಿದ್ದ ದಿನ. ನಿಂಗೆ ಕೇಳಿಸ್ತಾ?"

"ಕೇಳಿಸ್ತು."

"ಎಡಗಡೇನೋ, ಬಲಗಡೇನೋ?"

"ಎಡಗಡೆ."

"ಅವನೂ ಎಡಗಡೆ ಅಂತಲೇ ಅಂದಿದ್ದ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಚುಕ್ಕೆ ಅಳಿಸಿದ್ದು ಕೈತಪ್ಪು. ಒಂದಿನ ಬೈತಿದ್ದೆ, ಸಂಜೆಗೆ ಮರೀತಿದ್ದೆ. ಇನ್ನೆರಡು ವರ್ಷ ಕೂತು ಮತ್ತೆ ಆರಿಸ್ತಿದ್ದೆ, ಆಗ ನನ್ನ ಕಿವಿ ಇತ್ತು. ಆದ್ರೆ ನೀನು 'ಇಲ್ಲ' ಅಂದ್ಯಲ್ಲಮ್ಮ. ಅದನ್ನ ನಾನು ಎಲ್ಲಿಂದ ತರ್ಲಿ?"

ಅವಳು ಕೆಲಸದಿಂದ ತೆಗೆಯುತ್ತಾರೆ ಎಂದು ಕಾದಳು. ತೆಗೆದಿದ್ದರೆ ಹಗುರವಾಗುತ್ತಿತ್ತೋ ಏನೋ. ಅವರು ಮೌನದ ಗುಂಪನ್ನು ಅವಳ ಕಡೆ ತಳ್ಳಿದರು. "ಜೋಡಿ ಮಾಡು. ಎರಡೂ ಕಡೆ ಸಮ ಇರ್ಬೇಕು, ಟೆಸ್ಟರಲ್ಲಿ ನೋಡಿ ಹಾಕು. ಅವನ ಮಗಳು ಬರೋದು ಬೇಡ. ನಾವೇ ತಗೊಂಡು ಹೋಗೋಣ. ನಿನ್ನ ಪಾಲು ನೀನು ಹೇಳು, ನನ್ನ ಪಾಲು ನಾನು ಹೇಳ್ಕೋತೀನಿ."

ಮಾರನೆಯ ಸಂಜೆ ಟೇಲರ್ ಮನೆಯ ಮೆಟ್ಟಿಲು ಹತ್ತುವಾಗ ಯಜಮಾನರು ಎರಡು ಸಲ ನಿಂತರು. ಉಸಿರಿಗೆಂದು ಹೇಳಿದರು. ಬಾಗಿಲು ತೆಗೆದ ಮಗಳು ಇಬ್ಬರನ್ನೂ ಕಂಡು ತಬ್ಬಿಬ್ಬಾಗಿ, ಒಳಗೆ ನೋಡಿ, "ಅಪ್ಪಾ..." ಎಂದಳಷ್ಟೆ.

ಟೇಲರ್ ಕಿಟಕಿಯ ಹತ್ತಿರ ಕೂತಿದ್ದರು. ಕೊರಳಲ್ಲಿ ಇನ್ನೂ ಅಳತೆಯ ಟೇಪು ನೇತಾಡುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದರು. "ಯಾರದು? ಒಬ್ಬರು ಎಳೆದೆಳೆದು ನಡೀತಾರೆ, ಒಬ್ಬರ ಕಾಲಲ್ಲಿ ಸದ್ದೇ ಇಲ್ಲ."

"ನಾನು ಕಣೋ" ಎಂದರು ಯಜಮಾನರು.

"ಗೊತ್ತಾಯ್ತು. ಕೂತ್ಕೋ" ಎಂದರು ಟೇಲರ್.

ಫಳಫಳಕ್ಕ ನೆಲದ ಮೇಲೆ ಕೂತು ಪೆಟ್ಟಿಗೆ ಜೋಡಿಸಿದಳು. ಟೇಲರ್ ತಟ್ಟೆ ಹಾಕಬೇಡ ಎಂದು ಕೈಯಾಡಿಸಿ, ಮೊದಲು ಸುಮ್ಮನೆ ಕೇಳಿದರು. ಎಡಗಡೆಗೆ ತಲೆ ವಾಲಿಸಿ, ಆಮೇಲೆ ಬಲಗಡೆಗೆ.

"ಸದ್ದಿಲ್ಲ" ಎಂದರು.

ಯಜಮಾನರು ಜೀವ ಹೋಗುವುದರೊಳಗೆ ಕೇಳಬೇಕೆಂದಿದ್ದ ಮಾತು ಅದೇ. ಅವರು ತಲೆ ಎತ್ತಲಿಲ್ಲ.

"ಮಾವ" ಎಂದಳು ಫಳಫಳಕ್ಕ, ಟೇಲರ್ ಕಡೆ ತಿರುಗಿ. "ಅವತ್ತು ಸದ್ದಿತ್ತು. ನಂಗೆ ಕೇಳಿಸಿತ್ತು. ಸುಳ್ಳು ಹೇಳ್ದೆ." ಉಳಿದದ್ದನ್ನೂ ಹೇಳಿದಳು. ಅವಳು ಮುಗಿಸಿದ ಮೇಲೆ ಯಜಮಾನರು, "ನಾನು ನನ್ನ ಕಿವಿ ನೋಡ್ಕೊಳ್ದೆ ನಿನ್ನ ಕಿವಿ ಬೈದೆ ಕಣೋ" ಎಂದರು.

ಟೇಲರ್ ಕೊರಳ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಆಸ್ಪತ್ರೇಲಿ ಕಿವಿ ತೋರಿಸ್ಕೊಂಡೆ ಕಣಮ್ಮ, ನೀನು ಇಲ್ಲ ಅಂದ್ಮೇಲೆ. ಎರಡು ಸಲ. ಏನೂ ಆಗಿಲ್ಲ, ಚೆನ್ನಾಗಿದೆ ಅಂದ್ರು ಡಾಕ್ಟರು. ಮುದುಕನಿಗೆ ಸಮಾಧಾನ ಹೇಳ್ತಿದಾರೆ ಅಂದ್ಕೊಂಡೆ. ಒಂದು ವರ್ಷ ತಟ್ಟೆ ಮುಟ್ಲಿಲ್ಲ. ಕಿವಿ ಕೆಟ್ಟೋನು ಹಾಡು ಕೇಳೋದು ಹಾಡಿಗೆ ಅವಮಾನ ಅಲ್ವಾ?"

ಅವರ ದನಿಯಲ್ಲಿ ಬೈಗುಳವಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇರಲಿಲ್ಲ.

ಮಗಳನ್ನು ಕರೆದು ಟೇಲರ್ ಏನೋ ಹೇಳಿದರು. ಅವಳು ಗುಂಡಿ, ಸೂಜಿ ತುಂಬಿದ ಹಳೆಯ ಡಬ್ಬಿಯೊಂದನ್ನು ತಂದುಕೊಟ್ಟಳು. ತಳದಲ್ಲಿ ಹತ್ತಿಯಲ್ಲಿ ಸುತ್ತಿದ ಎರಡು ವಾಲ್ವು. "ಮಾರನೇ ದಿನವೇ ತೆಗೆದು ಹಳೇವನ್ನೇ ಹಾಕ್ಕೊಂಡಿದ್ದೆ. ಎಸೆಯೋಕೆ ಮನಸ್ಸು ಬರ್ಲಿಲ್ಲ, ಇವನು ಕೊಟ್ಟಿದ್ದು ಅಂತ." ಗುರುತಿಗೆಂದು ದಾರ ಸುತ್ತಿದ್ದ ಎಡಗಡೆಯದನ್ನು ತಡಕಿ ಆರಿಸಿ ಫಳಫಳಕ್ಕನ ಅಂಗೈಗೆ ಹಾಕಿದರು. "ನೀನು ಒರೆಸೋದರಲ್ಲಿ ಗಟ್ಟಿಗಿತ್ತಿ. ತಗೋ, ಆ ಚುಕ್ಕೆ ಒರೆಸು. ಇನ್ಯಾರಿಗೂ ಹೋಗೋದು ಬೇಡ ಅದು."

ಅವಳು ಕರವಸ್ತ್ರ ಒದ್ದೆ ಮಾಡಿಕೊಂಡು ಉಜ್ಜಿದಳು. ಚುಕ್ಕೆ ಅಲ್ಲಾಡಲಿಲ್ಲ. ಯಜಮಾನರ ನಿಜವಾದ ಚುಕ್ಕೆಗಳು ಒಂದು ಬೋಗುಣಿ ಸೋಪು ನೀರಿಗೆ ಹೋಗಿದ್ದವು; ಅವಳದು ಹತ್ತೊಂಬತ್ತು ವರ್ಷವಾದರೂ ನಿನ್ನೆ ಇಟ್ಟ ಹಾಗೆ ಹೊಳೆಯುತ್ತಿತ್ತು. ಎರಡೆರಡು ಸಲ ಬಳಿದಿದ್ದಳಲ್ಲ. ಅವಳು ಉಗುರಿನಿಂದ ಕೆರೆಯತೊಡಗಿದಳು.

ಟೇಲರ್ ತಟ್ಟೆಯ ಮೇಲೆ ಸೂಜಿ ಇಳಿಸಿದರು. ಹಾಡು ಶುರುವಾಯಿತು. ಯಜಮಾನರು ಅಂಗೈಯನ್ನು ಕಿವಿಗೆ ಆನಿಸಿಕೊಂಡು ಮುಂದಕ್ಕೆ ಬಾಗಿದರು. "ಈಗ ಏನು ಬರ್ತಿದೆಯೋ?" ಎಂದು ಕೇಳಿದರು. "ಕೊಳಲು" ಎಂದರು ಟೇಲರ್. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಈಗ?"

ಅವಳು ತಲೆ ತಗ್ಗಿಸಿ ಕೆರೆಯುತ್ತಲೇ ಇದ್ದಳು. ಉಗುರಿನ ಸಂದಿಯಲ್ಲಿ ಕೆಂಪು ಪುಡಿ ತುಂಬಿತು. ಗಾಜಿನ ಮೇಲೆ ಅರ್ಧ ಚುಕ್ಕೆ ಇನ್ನೂ ಉಳಿದಿತ್ತು.